ಅಪ್ಪನ ಕಾರು, ಅಣ್ಣನ ಎಂಜಿನ್

ಗುಜರಾತಿನಲ್ಲಿ ಇರುವವರು ದೀಪಾವಳಿಗೆ ಕಾರಿನ ಎಂಜಿನ್ ಇಳಿಸಬಾರದು. ಇದು ನಮಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ರಜೆ ಸಿಗುತ್ತದೆ, ರಜೆಯಲ್ಲಿ ಮನೆಯ ಕೆಲಸ ಸಾಗುತ್ತದೆ ಅನ್ನುವುದು ನಮ್ಮ ಕಡೆಯ ಲೆಕ್ಕಾಚಾರ. ಅಲ್ಲಿ ದೀಪಾವಳಿಗೆ ಬಾಗಿಲು ಹಾಕಿದ ಅಂಗಡಿಯವನು ಬೀಗ ತೆಗೆಯುವುದು ಕಾರ್ತಿಕದ ಐದನೆಯ ದಿನ, ಲಾಭಪಂಚಮಿಗೆ, ಅದೂ ಮುಹೂರ್ತ ನೋಡಿ. ಅಲ್ಲಿಯವರೆಗೆ ಒಂದು ಮೊಳೆ ಬೇಕೆಂದರೂ ಸಿಗುವುದಿಲ್ಲ. ನಾವು ನರಕಚತುರ್ದಶಿಯ ದಿನ ಎಣ್ಣೆನೀರು ಮುಗಿಸಿ, ವಡೋದರಾದ ಫತೇಗಂಜಿನ ಬಾಡಿಗೆ ಮನೆಯ ಅಂಗಳದಲ್ಲಿ ಕಾರಿನ ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದೆವು.

ಅರವತ್ತರ ದಶಕದ ನಡುಭಾಗದ ಮಾತು. ವಡೋದರಾ ಆಗ ಎಲ್ಲರ ಬಾಯಲ್ಲೂ ಬರೋಡಾ. ಊರಾಚೆ ಕೊಯಾಲಿಯಲ್ಲಿ ರಿಫೈನರಿ ಎದ್ದಿತ್ತು, ನನ್ನ ಗಂಡ ಅಲ್ಲಿ ಪಂಪುಗಳ ಎಂಜಿನಿಯರ್. ಕಾಲೊನಿಯ ಮನೆಗಳಿಗೆ ಇನ್ನೂ ಸುಣ್ಣ ಬಳಿಯುತ್ತಿದ್ದರು. ಅಲ್ಲಿ ಮನೆ ಸಿಗುವವರೆಗೆ ನಾವು ಫತೇಗಂಜಿನಲ್ಲಿ. ನಾನು ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಹುಡುಗಿಯರ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ.

ಕಾರು ನನ್ನ ಅಪ್ಪನದು. ಅಪ್ಪ ಧಾರವಾಡದಲ್ಲಿ ಡಾಕ್ಟರು. ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಕೊಟ್ಟ ಕಪ್ಪು ಕಾರನ್ನು ಕೊಂಡು, ಅದರಲ್ಲೇ ಹಳ್ಳಿಹಳ್ಳಿಯ ರೋಗಿಗಳನ್ನು ನೋಡಿ ಬರುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಕೆಲಗೇರಿ ದಾರಿಯಲ್ಲಿ ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿದರು. "ಕ್ಲಚ್ ಸಾವಕಾಶ ಬಿಡವಾ, ಅದೇನು ನಿನ್ನ ವೈರಿ ಅಲ್ಲ" ಅನ್ನುತ್ತಿದ್ದರು. ಡಾಕ್ಟರ ಮಗಳು ಕಾರು ಹೊಡೆಯುತ್ತಾಳೆ ಎಂದು ಓಣಿಯ ಮಂದಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಪ್ಪ ಕ್ಯಾರೇ ಅನ್ನಲಿಲ್ಲ. ಹಾಸಿಗೆ ಹಿಡಿದಾಗ, ಕಾರು ಮಗಳಿಗೆ ಎಂದು ಎಲ್ಲರ ಮುಂದೆ ಹೇಳಿದರು. ಮುಂಬಯಿಯಲ್ಲಿದ್ದ ನನ್ನ ಒಡಹುಟ್ಟಿದ ಅಣ್ಣನಿಗೆ ಅದು ಬೇಕಿರಲಿಲ್ಲ. ಕಾರೂ ಬೇಕಿರಲಿಲ್ಲ, ತಂಗಿಗೆ ವರ್ಷಕ್ಕೊಂದು ಕಾಗದ ಬರೆಯುವ ಉಸಾಬರಿಯೂ ಬೇಕಿರಲಿಲ್ಲ.

ಧಾರವಾಡದಿಂದ ಬರೋಡಾಕ್ಕೆ ಅದನ್ನು ನಾವಿಬ್ಬರೇ ಓಡಿಸಿಕೊಂಡು ಬಂದೆವು. ಎಂಜಿನ್ ಆಗಲೇ ಮುದಿಯಾಗಿತ್ತು. ಹಿಂದೆ ನೀಲಿ ಹೊಗೆ, ಮುಂದೆ ಕುದಿಯುವ ನೀರು, ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತದೆಯೋ ಏನೋ ಅನ್ನುವಂತಿತ್ತು. ಬಯಲು ದಾರಿಯಲ್ಲೆಲ್ಲ ಓಡಿಸಿದವಳು ನಾನು. ಸಾತಾರಾ, ಪುಣೆ, ನಾಸಿಕ ಎಂದು ಊರು ಹತ್ತಿರ ಬಂದ ಹಾಗೆ ನನ್ನ ಗಂಡ "ಊರು ಬಂತು, ಈಚೆ ಬಾ" ಎಂದು ಜಾಗ ಬದಲಿಸುತ್ತಿದ್ದರು. ಊರು ದಾಟಿದ ಮೇಲೆ ಮತ್ತೆ ನನಗೆ. ನನಗೆ ಆಗ ಅದು ತಮಾಷೆಯಾಗಿ ಕಂಡಿತ್ತು. ಬರೋಡಾದಲ್ಲಿ ಕಾಗದಪತ್ರ ಗಂಡನ ಹೆಸರಿಗೆ ಆಯಿತು. ಆ ಕಾಲದಲ್ಲಿ ಬೇರೆ ಯಾರ ಹೆಸರಿಗೆ ಆಗುತ್ತಿತ್ತು?

ಬಂದ ಮೇಲೆ ಕಾರು ಅಂಗಳದ ಬೇವಿನಡಿ ಕೂತಿತು. ಸಿಲಿಂಡರ್ ಕೆರೆಸಿ ಬೋರ್ ಮಾಡಿಸೋಣವೆಂದರೆ ಅಪ್ಪನ ಕಾಲದಲ್ಲೇ ಬೋರ್ ಮಾಡಿ ಮಾಡಿ ಇನ್ನು ಕೆರೆಯಲು ಕಬ್ಬಿಣವೇ ಉಳಿದಿರಲಿಲ್ಲ. ಬೇರೆ ಎಂಜಿನ್ ಕೂರಿಸದೆ ಗತಿಯಿಲ್ಲ ಎಂದು ಎಲ್ಲ ಮೆಕ್ಯಾನಿಕರೂ ಹೇಳಿದರು. ನನಗೆ ಅದರ ಅವಸರವಿತ್ತು. ಜನವರಿಯಲ್ಲಿ ಕೊಯಾಲಿಯ ಕಾಲೊನಿಗೆ ಹೋಗುವುದು ನಿಶ್ಚಯವಾಗಿತ್ತು. ಅಲ್ಲಿಂದ ಊರಿಗೆ ಬರುವ ಬಸ್ಸುಗಳೆಲ್ಲ ಗಂಡಸರ ಶಿಫ್ಟಿಗೆ ಹೊಂದಿಸಿದ್ದು. ಶಾಲೆಯ ಗಂಟೆಗೆ ಸರಿಯಾಗಿ ನನ್ನನ್ನು ಮುಟ್ಟಿಸುವ ಬಸ್ಸು ಒಂದೂ ಇರಲಿಲ್ಲ. ಕಾರು ಓಡಿದರೆ ನನ್ನ ಕೆಲಸ ಉಳಿಯುತ್ತದೆ, ಓಡದಿದ್ದರೆ ರಾಜೀನಾಮೆ. ಇದನ್ನು ಗಂಡನಿಗೆ ಬಿಡಿಸಿ ಹೇಳಿದ್ದೆ. ಅವರು ನಕ್ಕು, "ಎಂಜಿನ್ ಕೂತ ದಿನ ಕೀ ನಿನ್ನ ಕೈಗೆ. ಮತ್ತೆ ನೀನುಂಟು, ನಿನ್ನ ಶಾಲೆ ಉಂಟು" ಎಂದರು. ಆ ಮಾತು ಕೇಳಿ ನಾನು ಆ ದಿನ ಪಾಯಸ ಮಾಡಿದ್ದೆ.

ನಮ್ಮದು ಆಗಿನ ಕಾಲಕ್ಕೆ ಸ್ವಲ್ಪ ಸುದ್ದಿಯಾದ ಮದುವೆ. ನಾನು ಧಾರವಾಡದವಳು, ಅವರು ಉಡುಪಿ ಕಡೆಯವರು, ಹುಬ್ಬಳ್ಳಿಯಲ್ಲಿ ಓದಲು ಬಂದಾಗ ಪರಿಚಯ. ಅವರ ಮನೆಮಾತು ತುಳು. ನನ್ನ ಹತ್ತಿರ ಕನ್ನಡ, ನಮ್ಮಿಬ್ಬರ ಕನ್ನಡವೂ ಒಂದೇ ಅಲ್ಲ. ನಾನು "ಹೌದ್ರೀ" ಅಂದರೆ ಅವರ ಕಡೆಯವರು ನಗುತ್ತಿದ್ದರು, ಅವರು "ಎಂತದು" ಅಂದರೆ ನಮ್ಮ ಕಡೆಯವರು ನಗುತ್ತಿದ್ದರು. ಬರೋಡಾಕ್ಕೆ ಬಂದ ಮೇಲೆ ಆ ಭೇದವೆಲ್ಲ ಅಳಿಸಿಹೋಯಿತು. ಗುಜರಾತಿಗಳಿಗೆ ನಾವೆಲ್ಲ ಮದ್ರಾಸಿಗಳು. ಕನ್ನಡದ ಒಂದು ಅಕ್ಷರ ಯಾರ ಬಾಯಲ್ಲಿ ಬಿದ್ದರೂ ಅವರು ನಮ್ಮವರು ಅನ್ನಿಸುತ್ತಿತ್ತು. ಪರವೂರಿನಲ್ಲಿರುವ ಕನ್ನಡಿಗರೆಲ್ಲರೂ ಮಾಡುವ ತಪ್ಪು ಇದು, ನಾನೂ ಮಾಡಿದೆ.

ಹಾಗೆ ನಮ್ಮವರಾದವರು ಫತೇಗಂಜಿನ ಉಡುಪಿ ಹೋಟೆಲಿನ ಮಾಲೀಕರು. ನಲವತ್ತರ ಆಸುಪಾಸು, ಬಿಳಿ ಪಂಚೆ, ಅಂಗೈಯಷ್ಟು ಅಗಲದ ನಗು. ಯೂನಿವರ್ಸಿಟಿಯ ಹುಡುಗರು ಅವರ ಇಡ್ಲಿ ತಿಂದೇ ಪಾಸಾಗುತ್ತಿದ್ದರು. ನನ್ನನ್ನು ಮೊದಲ ದಿನವೇ "ತಂಗಿ" ಎಂದು ಕರೆದರು, ನಾನು ಅವರನ್ನು ಅಣ್ಣ ಎಂದೆ. ಅವರ ಹತ್ತಿರ ನಮ್ಮದೇ ಮಾದರಿಯ ಇನ್ನೊಂದು ಕಾರಿತ್ತು. ಲಾರಿ ಗುದ್ದಿ ಅದರ ಮೈ ನಜ್ಜುಗುಜ್ಜಾಗಿ ಹೋಟೆಲಿನ ಹಿತ್ತಲಲ್ಲಿ ಬಿದ್ದಿತ್ತು, ಆದರೆ ಎಂಜಿನ್‌ಗೆ ಏನೂ ಆಗಿರಲಿಲ್ಲ. ಅದನ್ನು ತೆಗೆದು ನಮ್ಮ ಕಾರಿಗೆ ಕೂರಿಸೋಣ ಎಂದು ಅವರೇ ಹೇಳಿದರು. ಏನು ಕೊಡಬೇಕು ಎಂದು ಕೇಳಿದ್ದಕ್ಕೆ ಕೈಯಾಡಿಸಿ, ತಂಗಿಯ ಹತ್ತಿರ ಎಂತ ವ್ಯಾಪಾರ ಎಂದರು. ಕುರಿ ಕಟುಕನನ್ನೇ ನಂಬುತ್ತದೆ ಅನ್ನುವ ಗಾದೆ ನನಗೆ ಬಾಯಿಪಾಠವಿತ್ತು, ಉಪಯೋಗಕ್ಕೆ ಬರಲಿಲ್ಲ.

ಕೆಲಸ ಶುರುವಾಯಿತು. ಕಟ್ಟಿಗೆ ಅಡ್ಡೆಯಿಂದ ಮೂರು ದಪ್ಪ ಮರದ ಕಂಬಗಳನ್ನು ತಂದು ಮೇಲೆ ಕಟ್ಟಿ ಮುಕ್ಕಾಲಿ ಮಾಡಿ, ಅದಕ್ಕೆ ಚೈನು ರಾಟೆ ತೂಗುಹಾಕಿದರು. ದೀಪಾವಳಿಗೆ ಹಾಸ್ಟೆಲುಗಳು ಖಾಲಿಯಾಗಿ ಹೋಟೆಲೂ ಮುಚ್ಚಿದ್ದರಿಂದ ಅಣ್ಣನಿಗೆ ಬಿಡುವಿತ್ತು. ನೀರು, ಆಯಿಲ್ ಬಸಿದು, ರೇಡಿಯೇಟರ್ ತೆಗೆದು, ಒಂದೊಂದಾಗಿ ವೈರು ಬಿಚ್ಚಿದರು. ಯಾವ ವೈರು ಎಲ್ಲಿಗೆ ಎಂದು ಮರೆತುಹೋಗದಿರಲಿ ಎಂದು ನಾನು ಕಸೂತಿಯ ಬಣ್ಣದ ದಾರ ತಂದು, ಕೆಂಪಿಗೆ ಕೆಂಪು ಹಸಿರಿಗೆ ಹಸಿರು ಎಂದು ವೈರಿನ ತುದಿಗೂ ಅದು ಕೂರುವ ಜಾಗಕ್ಕೂ ಕಟ್ಟಿದೆ. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಉಪ್ಪಿನಕಾಯಿಯ ಖಾಲಿ ಬಾಟಲಿಗಳಿಗೆ ಹಾಕಿದೆ. ಅಪ್ಪನ ಕಾಲದ ಮ್ಯಾನ್ಯುಯಲ್ ನನ್ನ ಹತ್ತಿರವಿತ್ತು, ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಮುಂದಿನ ಕೆಲಸ ಹೇಳುವವಳು ನಾನೇ. ಹಳೆಯ ಎಂಜಿನ್ ಚೈನಿನಲ್ಲಿ ತೂಗಾಡುತ್ತ ಮೇಲೆದ್ದಿತು. ಅಪ್ಪನ ಎಷ್ಟೋ ಹಳ್ಳಿಯ ದಾರಿ ಅದರಲ್ಲಿತ್ತು.

ಎಂಜಿನ್ ಇಳಿಸಿದ ಮೇಲೆ ಗೊತ್ತಾಯಿತು, ಕ್ಲಚ್ ಪ್ಲೇಟ್ ಸವೆದು ಹೋಗಿದೆ, ಮೌಂಟಿಂಗ್ ರಬ್ಬರ್ ಪುಡಿಪುಡಿಯಾಗಿದೆ. ನನ್ನ ಗಂಡ ಸೈಕಲ್ ಹತ್ತಿ ಅಂಗಡಿ ಬೀದಿಗೆ ಹೋದವರು ಬೆವರಿಕೊಂಡು ಬರಿಗೈಯಲ್ಲಿ ಬಂದರು. ಮೇಲ್ಮಹಡಿಯಲ್ಲಿದ್ದ ನಮ್ಮ ಮನೆಯೊಡತಿ, ನಾವು ಮಾಸಿ ಅನ್ನುತ್ತಿದ್ದ ಮುದುಕಿ, ಬಾಲ್ಕನಿಯಿಂದ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲಾಭ ಪಾಂಚಮ್ ಪಛಿ," ಎಂದಳು. ಲಾಭಪಂಚಮಿ ಕಳೆದ ಮೇಲೆ.

ಆಗ ಅಣ್ಣ ಮಾಡಿದ್ದನ್ನು ನಾನು ಯಾರಿಂದಲೂ ನಿರೀಕ್ಷಿಸಿರಲಿಲ್ಲ. ಅಹಮದಾಬಾದಿನಲ್ಲಿ ತಮಗೆ ಗೊತ್ತಿದ್ದ ಬಿಡಿಭಾಗದ ವ್ಯಾಪಾರಿ ಒಬ್ಬ ಇದ್ದಾನೆ ಎಂದು, ಗುಜರಾತಿಗಳ ಹೊಸ ವರ್ಷದ ಪಾಡ್ಯದ ದಿನವೇ ರೈಲು ಹತ್ತಿ ಹೋಗಿ, ಅವನ ಮನೆಯ ಬಾಗಿಲು ತಟ್ಟಿ, ಹಬ್ಬದ ನಡುವೆ ಗೋದಾಮು ತೆಗೆಸಿ ಕ್ಲಚ್ ಪ್ಲೇಟು, ರಬ್ಬರು ಎಲ್ಲ ತಂದರು. ಸಂಜೆ ಮೂಟೆ ಹೊತ್ತುಕೊಂಡು ಬಂದವರ ಮುಖ ಕಪ್ಪಿಟ್ಟಿತ್ತು. ಪಂಚಮಿಯೊಳಗೆ ಕಾರು ಓಡಲೇಬೇಕು ಎಂದು ಅವರು ಹಟ ಹಿಡಿದಂತೆ ಕಂಡಿತು. ಯಾಕೆ ಇಷ್ಟು ಅವಸರ, ಪಂಚಮಿ ಕಳೆದು ಮಾಡಿದರಾಯಿತು ಎಂದು ನಾನೇ ಹೇಳಿದೆ. ಅವರು ಕೇಳಲಿಲ್ಲ. ತಂಗಿಯ ಕೆಲಸ ಎಂದು ಇಷ್ಟು ಪಾಡು ಪಡುತ್ತಾರಲ್ಲ ಎಂದು ಒಳಗೆ ಹೋಗಿ ಕಣ್ಣೊರಸಿಕೊಂಡೆ.

ಮಾರನೆಯ ದಿನ ಬಿದಿಗೆ. ನಮ್ಮ ಧಾರವಾಡದ ಕಡೆ ತದಿಗೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಕರೆದು ಉಣಿಸುತ್ತಾರೆ, ಅಕ್ಕನ ತದಿಗೆ ಅನ್ನುತ್ತೇವೆ. ಗುಜರಾತಿನಲ್ಲಿ ಅದು ಒಂದು ದಿನ ಮುಂಚೆ, ಭಾಯಿಬೀಜ್. ನಾನು ಅಲ್ಲಿಯ ಪದ್ಧತಿಯಂತೆ ಅಂದೇ ಮಾಡಿದೆ. ಹೋಳಿಗೆ, ಕಟ್ಟಿನ ಸಾರು, ಹುಗ್ಗಿ. ಅಣ್ಣನ ಹಣೆಗೆ ಕುಂಕುಮ ಇಟ್ಟು ಆರತಿ ಎತ್ತಿದೆ. ಊಟವಾದ ಮೇಲೆ ಅವರು ಅಂಗಳಕ್ಕೆ ಹೋಗಿ, ಇನ್ನೂ ನೆಲದ ಮೇಲೆ ಗೋಣಿಯಲ್ಲಿ ಕೂತಿದ್ದ ತಮ್ಮ ಎಂಜಿನ್ ಮೇಲೆ ಕೈಯಿಟ್ಟು ಹೇಳಿದರು.

"ಭಾಯಿಬೀಜಿಗೆ ಅಣ್ಣ ಎಂತ ಕೊಟ್ಟ ಅಂತ ಯಾರಾದ್ರೂ ಕೇಳಿದ್ರೆ ಇದನ್ನು ತೋರಿಸು ತಂಗಿ."

ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಒಡಹುಟ್ಟಿದವನು ಕಾಗದವನ್ನೂ ಹಾಕಿರಲಿಲ್ಲ, ಯಾರೋ ಹೋಟೆಲಿನವರು ಎಂಜಿನ್ ಕೊಟ್ಟರು ಎಂದು ಅಂದು ಪೂರ್ತಿ ಅದನ್ನೇ ಅಂದುಕೊಳ್ಳುತ್ತಿದ್ದೆ.

ಅವರಿಬ್ಬರೂ ಕೆಲಸ ಮಾಡುತ್ತ ತುಳುವಿನಲ್ಲಿ ಮಾತಾಡುತ್ತಿದ್ದರು. ಒಂದೇ ಊರಿನ ಕಡೆಯವರು, ಅವರ ಮನೆಮಾತು, ನಾನು ಬೇಸರ ಪಟ್ಟುಕೊಳ್ಳಲಿಲ್ಲ. ತುಳು ಕಿವಿಗೆ ಇಂಪಾದ ಭಾಷೆ. ಸ್ಪ್ಯಾನರ್ ಕೇಳಿದಾಗ ಮಾತ್ರ ಕನ್ನಡ ಬರುತ್ತಿತ್ತು, ನಾನು ಎತ್ತಿಕೊಡುತ್ತಿದ್ದೆ. ನನ್ನ ಕಿವಿಗೆ ಹಿಡಿಯುತ್ತಿದ್ದದ್ದು ಊರಿನ ಹೆಸರುಗಳಷ್ಟೆ, ಅವಕ್ಕೆ ಭಾಷೆ ಬೇಕಿಲ್ಲವಲ್ಲ. ಸೂರತ್ ಅನ್ನುವ ಮಾತು ಮತ್ತೆ ಮತ್ತೆ ಬರುತ್ತಿತ್ತು. "ಸೂರತ್ ಸೂರತ್ ಅಂತೀರಲ್ಲ, ಏನದು?" ಎಂದು ಕೇಳಿದೆ. ನನ್ನ ಗಂಡ ತಲೆ ಎತ್ತದೆ, ಇಲ್ಲಿ ಗ್ಯಾಸ್ಕೆಟ್ ಸಿಗದಿದ್ದರೆ ಸೂರತ್ತಿನಲ್ಲಿ ಸಿಗುತ್ತದಾ ಅಂತ ಕೇಳುತ್ತಿದ್ದೇನೆ ಎಂದರು. ಅಣ್ಣ ಎಂಜಿನ್ ಒಳಗೆ ಇಣುಕಿ ಏನನ್ನೋ ಹುಡುಕಿದರು. ನಾನು ಅವರಿಬ್ಬರಿಗೂ ಕಾಫಿ ತಂದುಕೊಟ್ಟೆ.

ಹೊಸ ಎಂಜಿನ್ ಇಳಿಸುವ ದಿನ ಅದು ಗೇರ್‌ಬಾಕ್ಸಿಗೆ ಕೂರಲೇ ಇಲ್ಲ. ಇಳಿಸಿದರು, ಎತ್ತಿದರು, ನೂಕಿದರು, ಅಲ್ಲಾಡಿಸಿದರು. ಬೆರಳಗಲದಷ್ಟು ಸಂದಿ ಹಾಗೇ ಉಳಿಯುತ್ತಿತ್ತು. ಇಬ್ಬರೂ ತಮ್ಮ ಬಲ ತೋರಿಸಿ ಸುಸ್ತಾಗಿ ಕೂತ ಮೇಲೆ ನಾನು ಮ್ಯಾನ್ಯುಯಲಿನ ಆ ಪುಟ ಓದಿದೆ. ಕ್ಲಚ್ ಪ್ಲೇಟ್ ನಟ್ಟನಡುವೆ ಇರಬೇಕು, ಕೂದಲೆಳೆ ಆಚೀಚೆಯಾದರೂ ಗೇರ್‌ಬಾಕ್ಸಿನ ದಂಡ ಒಳಗೆ ಹೋಗುವುದಿಲ್ಲ, ನಡುವೆ ಹಿಡಿಯಲು ಕಟ್ಟಿಗೆಯ ಒಂದು ದಂಡ ಮಾಡಿ ಹಾಕಿ ಬಿಗಿಯಬೇಕು ಎಂದಿತ್ತು. ಅಂಗಡಿ ಮುಚ್ಚಿದ ಊರಿನಲ್ಲಿ ಅಂಥ ದಂಡ ಎಲ್ಲಿಂದ? ನಾನು ಒಳಗೆ ಹೋಗಿ ಲಟ್ಟಣಿಗೆ ತಂದೆ. ಅದರ ಹಿಡಿಕೆಯನ್ನು ಚಾಕುವಿನಿಂದ ಕೆತ್ತಿ ಅಳತೆಗೆ ತಂದು, ಪ್ಲೇಟಿನ ತೂತಿಗೆ ತೂರಿಸಿ ಬೋಲ್ಟು ಬಿಗಿದರು. ಆಮೇಲೆ ಎಂಜಿನ್ ಮೆತ್ತಗೆ ಜಾರಿ ತನ್ನ ಜಾಗದಲ್ಲಿ ಕೂತಿತು. ಇಬ್ಬರೂ ನಕ್ಕರು, ನಾನೂ ನಕ್ಕೆ, ಮೇಲಿನಿಂದ ಮಾಸಿಯೂ ನಕ್ಕಳು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆ ಪಟ್ಟ ದಿನಗಳು ಕಡಿಮೆ.

ಪಂಚಮಿಯ ಬೆಳಿಗ್ಗೆ ನೀರು, ಆಯಿಲ್ ತುಂಬಿ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಹೊಗೆಯಿಲ್ಲ, ಕಟಕಟ ಇಲ್ಲ. ನಾನು ತಲೆಗೆ ಎರೆದುಕೊಂಡು ಸೀರೆ ಉಟ್ಟು ಸಿದ್ಧಳಾಗಿದ್ದೆ. ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಸೀದಾ ಹೋಗಿ ಸ್ಟಿಯರಿಂಗ್ ಮುಂದೆ ಕೂತೆ. ಸೀಟಿನಲ್ಲಿ ಇನ್ನೂ ಅಪ್ಪನ ಔಷಧದ ವಾಸನೆ ಇತ್ತು.

ಅಣ್ಣ ಕಿಟಕಿಯ ಹತ್ತಿರ ಬಂದು, ಮೊದಲ ಓಟ, ಎಂಜಿನ್ ಹೇಗೆ ಎಳೆಯುತ್ತದೋ ಗೊತ್ತಿಲ್ಲ, ನಾವಿಬ್ಬರು ಒಂದು ಸುತ್ತು ಹಾಕಿ ನೋಡಿಕೊಂಡು ಬರುತ್ತೇವೆ, ಆಮೇಲೆ ನಿನ್ನದೇ ಅಲ್ಲವಾ ಎಂದರು. ನ್ಯಾಯವಾದ ಮಾತು ಅನ್ನಿಸಿತು. ಇಳಿದೆ. ನನ್ನ ಗಂಡ ಎಣ್ಣೆಯ ಬಟ್ಟೆ ಬಿಚ್ಚಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. ಹಬ್ಬವಲ್ಲವೇ ಅಂದುಕೊಂಡೆ. ಕುಡಿಯುವ ನೀರು ಕೇಳಿದರು, ಹೂಜಿ ತುಂಬಿ ಕೊಟ್ಟೆ. ಕಾರು ಗೇಟು ದಾಟಿ ತಿರುಗಿತು. ನಾನು ಅಂಗಳದಲ್ಲಿ ಬಿದ್ದಿದ್ದ ಸ್ಪ್ಯಾನರುಗಳನ್ನು ಒರೆಸಿ ಜೋಡಿಸುತ್ತ ಕೂತೆ.

ಒಂದು ಸುತ್ತಿಗೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಎಲ್ಲೋ ಕೆಟ್ಟು ನಿಂತಿರಬೇಕು ಎಂದು ಯೂನಿವರ್ಸಿಟಿಯ ರಸ್ತೆಯವರೆಗೂ ನಡೆದು ಹೋಗಿ ನೋಡಿ ಬಂದೆ. ವಾಪಸು ಬರುವಾಗ ಮಾಸಿ ಮೆಟ್ಟಿಲ ಹತ್ತಿರ ಪೇಡಾದ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಬಾಯಿಗೆ ಒಂದು ತುರುಕಿ ಬೆನ್ನು ಸವರಿದಳು. ನಿನ್ನ ಗಂಡನ ತಮ್ಮನಿಗೆ ಇಂದು ಸೂರತ್ತಿನಲ್ಲಿ ಹೋಟೆಲಿನ ಮುಹೂರ್ತವಂತೆ, ನೀನು ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಮತ್ತೆ ಹೇಳಿದಳು: ತವರಿನ ಕಾರನ್ನು ಮೈದುನನ ವ್ಯಾಪಾರಕ್ಕೆ ಕೊಟ್ಟುಬಿಟ್ಟೆಯಂತೆ, ಹೋಟೆಲಿನವರು ಹೇಳಿದರು, ಇಂಥ ದೊಡ್ಡ ಮನಸ್ಸು ಎಷ್ಟು ಸೊಸೆಯರಿಗೆ ಇರುತ್ತದೆ.

ಮಾಸಿಗೆ ಗೊತ್ತಿತ್ತು. ಎದುರು ಮನೆಯವರಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಹಾಲಿನವನಿಗೂ ಗೊತ್ತಿತ್ತು. ಹೋಟೆಲಿನವರು ಗುಜರಾತಿಯಲ್ಲಿ ಬೀದಿಗೆಲ್ಲ ಹೇಳಿದ್ದರು, ನನಗೊಬ್ಬಳಿಗೆ ಹೇಳಿರಲಿಲ್ಲ.

ನನ್ನ ಗಂಡ ಮರುದಿನ ಬೆಳಿಗ್ಗೆ ರೈಲಿನಲ್ಲಿ ಬಂದರು, ಕಾರಿಲ್ಲದೆ. ಕೈಯಲ್ಲಿ ಸೂರತ್ತಿನ ಘಾರಿ ಮಿಠಾಯಿಯ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು, ನಾನು ಕೇಳುವ ಮೊದಲೇ ಹೇಳತೊಡಗಿದರು. ಊರಲ್ಲಿ ತಮ್ಮ ಪರೀಕ್ಷೆ ಫೇಲಾಗಿ ಅಲೆಯುತ್ತಿದ್ದಾನೆ, ಅಮ್ಮ ಕಣ್ಣೀರು ಹಾಕುತ್ತಿದ್ದಾರೆ. ಸೂರತ್ತಿನ ಹೊಸ ಹೋಟೆಲಿನಲ್ಲಿ ಅವನಿಗೆ ಪಾಲು ಕೊಡುತ್ತೇನೆ, ಓಡುವ ಕಾರೊಂದು ಬೇಕು ಎಂದರು ಅಣ್ಣ. ಎಂಜಿನ್ ಅವರದು, ಕಾರು ನಮ್ಮದು, ಎರಡೂ ಸೇರಿ ತಮ್ಮನ ಬಂಡವಾಳವಾಯಿತು. ಅವನೊಂದು ದಾರಿಗೆ ಬರುವುದು ಬೇಡವಾ, ಎಂದು ನನ್ನನ್ನೇ ಕೇಳಿದರು.

ಅಹಮದಾಬಾದಿನ ಕ್ಲಚ್ ಪ್ಲೇಟು, ಪಂಚಮಿಯ ಅವಸರ, ಎಲ್ಲ ಆಗ ಅರ್ಥವಾಯಿತು. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ, ನನಗೆ ಈಗಲೂ ಗೊತ್ತಿಲ್ಲ. ಜಗಳವಾಡಿ, ಅತ್ತು, ಕೊನೆಗೆ ಕೊಡುತ್ತಿದ್ದೆ ಅನ್ನಿಸುತ್ತದೆ. ಆದರೆ ಕೇಳಲಿಲ್ಲ. ನನ್ನ ಕಾರನ್ನು ನನ್ನಿಂದ ಕಿತ್ತುಕೊಳ್ಳುವ ಕೆಲಸಕ್ಕೆ ನನ್ನ ಕೈಯಿಂದಲೇ ಸ್ಪ್ಯಾನರ್ ಎತ್ತಿಸಿಕೊಂಡರು, ನನ್ನ ಲಟ್ಟಣಿಗೆ ಕೆತ್ತಿದರು, ನನ್ನ ಕೈಯ ಹೋಳಿಗೆ ತಿಂದರು. ಅದು ನನ್ನನ್ನು ಸುಟ್ಟಿತು.

"ನನಗ್ಯಾಕ ಮುಚ್ಚಿಟ್ರಿ?" ಎಂದೆ.

"ಮುಚ್ಚಿಟ್ಟದ್ದು ಎಂತ ಉಂಟು? ನಿನ್ನ ಎದುರಿಗೇ ಮಾತಾಡಿದ್ದಲ್ವಾ ನಾವು, ಅಷ್ಟೂ ದಿನ?"

"ತುಳುದಾಗ."

"ಹೌದು, ತುಳುವಿನಲ್ಲಿ. ನೀನು ಕೇಳಿದ್ರೆ ಹೇಳ್ತಿದ್ದೆ."

"ಕೇಳಿದ್ದೆ. ಸೂರತ್ ಅಂದ್ರ ಏನು ಅಂತ ಕೇಳಿದ್ದೆ."

ಅವರು ಡಬ್ಬಿಯ ದಾರ ಬಿಚ್ಚುತ್ತ ಕಾಫಿ ಉಂಟಾ ಎಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮಗೆ ಜಗಳವೇ ಆಗಲಿಲ್ಲ, ಹಾಗಾಗಿ ಮುಗಿಯಲೂ ಇಲ್ಲ.

ಜನವರಿಯಲ್ಲಿ ಕೊಯಾಲಿಗೆ ಹೋದೆವು. ಶಾಲೆಗೆ ರಾಜೀನಾಮೆ ಕೊಟ್ಟೆ. ಹೆಡ್‌ಮಿಸ್ಟ್ರೆಸ್ ಕಾರಣ ಕೇಳಿದಾಗ ಬಸ್ಸಿಲ್ಲ ಎಂದೆ, ಅದು ಸುಳ್ಳೂ ಅಲ್ಲ. ಕಾಲೊನಿಯ ಮನೆ ದೊಡ್ಡದು, ಗೋಡೆಗಳೆಲ್ಲ ಹೊಸದು, ಸುತ್ತ ಬಯಲು, ಗಾಳಿ ಬಂದರೆ ಗ್ಯಾಸಿನ ವಾಸನೆ. ಬೆಳಿಗ್ಗೆ ಗಂಡಸರು ಬಸ್ಸು ಹತ್ತಿ ಹೋದ ಮೇಲೆ ಹೆಂಗಸರಿಗೆ ಮಾಡಲು ಕೆಲಸವಿರಲಿಲ್ಲ. ಮೈದುನ ಒಂದೆರಡು ಸಲ ಅಪ್ಪನ ಕಾರಿನಲ್ಲಿ ಬಂದು ಹೋದ. ಹಿಂದಿನ ಸೀಟು ಕಿತ್ತು ಹಾಲಿನ ಕ್ಯಾನು ಇಡಲು ಹಲಗೆ ಹಾಕಿಸಿದ್ದ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಅತ್ತಿಗೆ ಖುಷಿಯಿಂದ ಕೊಟ್ಟಳು ಎಂದು ಅವನಿಗೆ ಹೇಳಿದ್ದರು. ಬನ್ನಿ ಅತ್ತಿಗೆ, ಒಂದು ಸುತ್ತು ಹೋಗಿ ಬರೋಣ ಎಂದು ಕರೆದ. ತಲೆನೋವು ಎಂದೆ.

ನಮ್ಮ ಸಾಲಿನಲ್ಲಿ ಕಾಲೊನಿಯ ದವಾಖಾನೆಯ ನರ್ಸ್ ಇದ್ದಳು, ಮಂಗಳೂರಿನವಳು. ಮಧ್ಯಾಹ್ನ ಅವಳಿಗೆ ಬಿಡುವು. ನಾನು ನಿನಗೆ ಕಸೂತಿ ಕಲಿಸುತ್ತೇನೆ, ನೀನು ನನಗೆ ತುಳು ಕಲಿಸು ಎಂದೆ. ಯಜಮಾನರಿಗೆ ಆಶ್ಚರ್ಯ ಮಾಡಬೇಕಾ ಎಂದು ಅವಳು ನಕ್ಕಳು. ಹೌದು ಎಂದೆ. ಕನ್ನಡ ಬಲ್ಲವರಿಗೆ ತುಳು ಕಷ್ಟವಲ್ಲ, ಮೊದಲು ಕಿವಿ ಹೊಂದಬೇಕು, ಆಮೇಲೆ ನಾಲಿಗೆ. ನಾನು ಪರೀಕ್ಷೆಗೆ ಓದುವವಳ ಹಾಗೆ ಕಲಿತೆ. ಅವಳ ಗೋಪುರದ ಕಸೂತಿ ಮುಗಿಯುವ ಹೊತ್ತಿಗೆ ನಾನು ಅವಳ ಅತ್ತೆಯ ಮೇಲಿನ ದೂರುಗಳನ್ನೆಲ್ಲ ತುಳುವಿನಲ್ಲೇ ಕೇಳಿ ತುಳುವಿನಲ್ಲೇ ಸಮಾಧಾನ ಹೇಳುತ್ತಿದ್ದೆ. ಮನೆಯಲ್ಲಿ ಮಾತ್ರ ಒಂದು ಶಬ್ದವನ್ನೂ ಆಡಲಿಲ್ಲ.

ಮುಂದಿನ ದೀಪಾವಳಿ ಬಂತು. ಭಾಯಿಬೀಜಿಗೆ ಹೋಟೆಲಿನ ಅಣ್ಣ ಕೊಯಾಲಿಗೆ ಬಂದರು, ಅದೇ ಬಿಳಿ ಪಂಚೆ, ಅದೇ ನಗು, ನನಗೊಂದು ಸೀರೆ. ಬರಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ, ಹಬ್ಬದ ದಿನ ಬಾಗಿಲಿಗೆ ಬಂದವರು. ಕುಂಕುಮ ಇಟ್ಟೆ, ಆರತಿ ಎತ್ತಿದೆ, ಇಬ್ಬರಿಗೂ ಎಲೆ ಹಾಕಿ ಬಡಿಸಿದೆ.

ಮೊದಲು ಕನ್ನಡದಲ್ಲಿ ಹೋಳಿಗೆಯನ್ನು ಹೊಗಳಿದರು. ನಾನು ಸಾರಿನ ಪಾತ್ರೆ ತರಲು ತಿರುಗಿದಾಗ ತುಳು ಶುರುವಾಯಿತು. ಮೊದಲು ಸೂರತ್ತಿನ ಹೋಟೆಲಿನ ಮಾತು, ಮೈದುನ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದು. ಆಮೇಲೆ ಅಣ್ಣ ಸ್ವರ ಇಳಿಸಿ, ಇಳಿಸುವ ಅಗತ್ಯವೇ ಇಲ್ಲದಿದ್ದರೂ, ಕೇಳಿದರು: ಕಾರಿನ ವಿಷಯ ಇವಳಿಗೆ ಇನ್ನೂ ಮನಸ್ಸಿನಲ್ಲಿದೆಯಾ? ನನ್ನ ಗಂಡ ಹೋಳಿಗೆ ಮುರಿಯುತ್ತ, ಇಲ್ಲ ಇಲ್ಲ, ಅದೆಲ್ಲ ಆಗಲೇ ಮರೆತಿದ್ದಾಳೆ ಎಂದರು. ಮುಂದುವರಿಸಿ, ಹೆಂಗಸರಿಗೆ ನಾಲ್ಕು ದಿನದ ಸಿಟ್ಟು, ಒಂದು ಸೀರೆ ಕಂಡರೆ ಇಳಿಯುತ್ತದೆ ಎಂದರು. ಇಬ್ಬರೂ ಮೆಲ್ಲಗೆ ನಕ್ಕರು.

ನಾನು ಪಾತ್ರೆ ತಂದು ಅವರ ಎದುರು ಬಗ್ಗಿದೆ.

"ಮರ್ತಿಲ್ಲ," ಎಂದೆ. "ಸಾರು ಇನ್ನಷ್ಟು ನೀಡ್ಲೇನು?"

ಇಬ್ಬರ ಕೈಗಳೂ ಎಲೆಯ ಮೇಲೆ ನಿಂತವು. ಅಣ್ಣನ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು. ನಾನು ಇಬ್ಬರಿಗೂ ಸಾರು ನೀಡಿ ಒಳಗೆ ಹೋದೆ. ಅವರು ಊಟ ಮುಗಿಸಿದ ಸದ್ದು ನನಗೆ ಕೇಳಿಸಲಿಲ್ಲ. ಮತ್ತೆ ಯಾವ ಭಾಯಿಬೀಜಿಗೂ ಅಣ್ಣ ನಮ್ಮ ಮನೆಗೆ ಬರಲಿಲ್ಲ.

ಆ ದಿನದಿಂದ ನನ್ನ ಗಂಡ ನನ್ನೆದುರು ಯಾರ ಜೊತೆಗೂ ತುಳು ಮಾತಾಡಲಿಲ್ಲ. ನಾನು ಬೇಡ ಅಂದಿರಲಿಲ್ಲ. ಅವರ ತಾಯಿ ನಮ್ಮಲ್ಲಿಗೆ ಬಂದು ಇರತೊಡಗಿದ ಮೇಲೂ, ನಾನು ಆ ಕೋಣೆಯಲ್ಲಿದ್ದರೆ, ಹೆತ್ತ ತಾಯಿಯ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ಮುದುಕಿಗೆ ಅದು ದೊಡ್ಡ ಸಂಕಟ. ಮಗ ನನ್ನನ್ನು ಯಾಕೆ ಪರರ ಹಾಗೆ ಮಾತಾಡಿಸುತ್ತಾನೆ, ನಾನೇನು ಮಾಡಿದೆ ಎಂದು ನನ್ನನ್ನು ತುಳುವಿನಲ್ಲಿ ಕೇಳುತ್ತಿದ್ದರು. ನನಗೆ ಗೊತ್ತಿಲ್ಲ ಅತ್ತೆ ಎಂದು ನಾನೂ ತುಳುವಿನಲ್ಲೇ ಹೇಳುತ್ತಿದ್ದೆ.